ಮುಚ್ಚಳ ಕೂರುವ ಲೆಕ್ಕ

ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣ ಹತ್ತಿರವಾಗುತ್ತಿದ್ದಂತೆ ಬೊಂಬೆ ಅಂಗಡಿಗಳು ಶುರುವಾಗುತ್ತವೆ. ಕಣ್ಣು ಮೊದಲು ಹೋಗುವುದು ತೂಗುಕುದುರೆಯ ಕಡೆಗೆ, ರೈಲಿನ ಕಡೆಗೆ, ಬುಗುರಿಗಳ ಕಡೆಗೆ. ಅವುಗಳ ಹಿಂದಿನ ಕಪಾಟಿನಲ್ಲಿ ಕುಂಕುಮದ ಭರಣಿಗಳು ಸಾಲಾಗಿ ಕೂತಿರುತ್ತವೆ. ಗಿರಾಕಿಗಳು ಬಣ್ಣ ನೋಡುತ್ತಾರೆ, ಬೆಲೆ ಕೇಳುತ್ತಾರೆ. ಕೆಲಸ ಬಲ್ಲವರು ಮಾತ್ರ ಮುಚ್ಚಳ ತೆಗೆದು, ಸ್ವಲ್ಪ ತಿರುಗಿಸಿ, ಮತ್ತೆ ಮುಚ್ಚಿ ನೋಡುತ್ತಾರೆ. ಆ ಭರಣಿಯನ್ನು ಕಡೆದ ಕೈ ಎಷ್ಟು ಪಳಗಿದೆ, ಮರ ಎಷ್ಟು ಒಣಗಿತ್ತು, ಎಲ್ಲಿ ಅವಸರ ಮಾಡಿದರು ಎಂಬುದೆಲ್ಲ ಅಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ಲೇತ್ ಮೇಲೆ ಮರ ಕಡೆಯುವುದನ್ನು ಕಲಿಯಲು ಹೊರಟವರಿಗೆ ನಾನು ಹೇಳುವುದು ಇಷ್ಟೆ: ಆದಷ್ಟು ಬೇಗ ಮುಚ್ಚಳವಿರುವ ಡಬ್ಬಿಗೆ ಬನ್ನಿ. ಮಣಿ, ಬುಗುರಿ, ಲಟ್ಟಣಿಗೆ ಇವೆಲ್ಲ ಹೊರಮೈಯ ಕೆಲಸ. ಅಳತೆ ಒಂದು ಕೂದಲೆಳೆ ಹೆಚ್ಚುಕಡಿಮೆಯಾದರೂ ಯಾರೂ ಕೇಳುವುದಿಲ್ಲ, ಬುಗುರಿ ತಿರುಗುತ್ತದೆ, ಲಟ್ಟಣಿಗೆ ಚಪಾತಿ ಒತ್ತುತ್ತದೆ. ಡಬ್ಬಿಯಲ್ಲಿ ಹಾಗಲ್ಲ. ಅಲ್ಲಿ ಎರಡು ತುಂಡುಗಳು ಒಂದಕ್ಕೊಂದು ಒಪ್ಪಬೇಕು. ಇವತ್ತು ಒಪ್ಪಿದರೆ ಸಾಲದು, ಬರುವ ಬೇಸಿಗೆಯಲ್ಲೂ ಅದರ ಮುಂದಿನ ಮಳೆಗಾಲದಲ್ಲೂ ಒಪ್ಪಬೇಕು. ಉಳಿ ಹಿಡಿಯುವುದನ್ನು ಯಾವ ವಸ್ತುವಾದರೂ ಕಲಿಸುತ್ತದೆ. ಮರ ಎಂದರೇನು ಎಂಬುದನ್ನು ಕಲಿಸುವುದು ಮುಚ್ಚಳ.

ಕಡಿದು ಎಷ್ಟೇ ವರ್ಷವಾಗಿರಲಿ, ಮರ ಗಾಳಿಯಿಂದ ನೀರು ಹೀರುವುದನ್ನೂ ಗಾಳಿಗೆ ನೀರು ಬಿಡುವುದನ್ನೂ ನಿಲ್ಲಿಸುವುದಿಲ್ಲ. ಗಾಳಿಯ ತೇವಾಂಶ ಶೇ 30ರಷ್ಟಿದ್ದರೆ ಮರದೊಳಗಿನ ನೀರು ಅದರ ಒಣತೂಕದ ಶೇ 6ರ ಆಸುಪಾಸಿಗೆ ಇಳಿಯುತ್ತದೆ. ತೇವಾಂಶ ಶೇ 90ಕ್ಕೆ ಏರಿದರೆ ಮರದ ನೀರೂ ಶೇ 20ರ ಹತ್ತಿರಕ್ಕೆ ಏರುತ್ತದೆ. ಏಪ್ರಿಲ್‌ನ ರಾಯಚೂರು ಮತ್ತು ಜುಲೈನ ಮಂಗಳೂರು ಹೆಚ್ಚುಕಡಿಮೆ ಈ ಎರಡು ತುದಿಗಳು. ಚನ್ನಪಟ್ಟಣದಲ್ಲಿ ಕಡೆದ ಒಂದು ಡಬ್ಬಿ ಈ ಎರಡೂ ಊರುಗಳಿಗೆ ಉಡುಗೊರೆಯಾಗಿ ಹೋಗಬಹುದು.

ನೀರು ಹೋದಾಗ ಮರ ಕುಗ್ಗುತ್ತದೆ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಕಾಂಡದ ಉದ್ದಕ್ಕೆ ಕುಗ್ಗುವುದು ನಗಣ್ಯ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಒಂದು ಪಾಲಾದರೆ, ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು ಬಹುತೇಕ ಮರಗಳಲ್ಲಿ ಅದರ ಎರಡು ಪಾಲಿನಷ್ಟು. ದುಂಡನೆಯ ದಿಮ್ಮಿಯನ್ನು ಬಿಸಿಲಿಗೆ ಬಿಟ್ಟರೆ ತಿರುಳಿನವರೆಗೆ ಸೀಳು ಬಿಡುವುದು ಇದೇ ಕಾರಣಕ್ಕೆ: ಸುತ್ತಳತೆ ಹೆಚ್ಚು ಕುಗ್ಗಬೇಕೆನ್ನುತ್ತದೆ, ಅಡ್ಡಳತೆ ಅಷ್ಟು ಬಿಡುವುದಿಲ್ಲ, ನಡುವೆ ಸಿಕ್ಕ ನಾರು ಬಿರಿಯುತ್ತದೆ.

ಇದನ್ನೇ ಡಬ್ಬಿಗೆ ಹಚ್ಚಿ ನೋಡೋಣ. ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಒಂದು ದಿಕ್ಕಿಗೆ ಶೇ 8, ಇನ್ನೊಂದಕ್ಕೆ ಶೇ 4 ಕುಗ್ಗುವ ಮರ ಎಂದಿಟ್ಟುಕೊಳ್ಳಿ. ಡಬ್ಬಿಯ ಅಡ್ಡಳತೆ 60 ಮಿ.ಮೀ. ಚೆನ್ನಾಗಿ ಒಣಗಿಸಿ ಶೇ 12ಕ್ಕೆ ತಂದ ಮರವೇ ಮನೆಯೊಳಗೆ ಶೇ 9ಕ್ಕೆ ಇಳಿಯಿತು ಎನ್ನಿ. ಒಂದು ದಿಕ್ಕಿಗೆ ಸುಮಾರು ಅರ್ಧ ಮಿ.ಮೀ., ಮತ್ತೊಂದು ದಿಕ್ಕಿಗೆ ಕಾಲು ಮಿ.ಮೀ. ಹೋಗುತ್ತದೆ. ಅಂದರೆ ದುಂಡಗಿದ್ದದ್ದು ಕಾಲು ಮಿಲಿಮೀಟರಿನಷ್ಟು ಮೊಟ್ಟೆಯಾಕಾರಕ್ಕೆ ತಿರುಗಿತು. ಝೆರಾಕ್ಸ್ ಅಂಗಡಿಯ ಒಂದು ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಮುಚ್ಚಳ ಹದವಾಗಿ ಕೂರುವುದಕ್ಕೂ ಲೊಡಲೊಡ ಎನ್ನುವುದಕ್ಕೂ ನಡುವೆ ಇರುವ ಅಂತರ ಹೆಚ್ಚೆಂದರೆ ಅಂಥ ಒಂದು ಹಾಳೆಯಷ್ಟು. ಚೆನ್ನಾಗಿ ಒಣಗಿದ ಮರದಲ್ಲೇ ಹೀಗಾದರೆ ಹಸಿಮರದಲ್ಲಿ ಕಡೆದು ಅದೇ ದಿನ ಬಣ್ಣ ಹಾಕಿದ ಡಬ್ಬಿಯ ಗತಿಯನ್ನು ನೀವೇ ಊಹಿಸಬಹುದು.

ಹಾಗಾದರೆ ಯಾವ ಡಬ್ಬಿಯೂ ನಿಲ್ಲಬಾರದಲ್ಲ? ನಿಲ್ಲುತ್ತದೆ, ಮುಚ್ಚಳವೂ ತಳವೂ ಒಂದೇ ತುಂಡಿನಿಂದ ಬಂದಿದ್ದರೆ. ನಾರು ಡಬ್ಬಿಯ ಎತ್ತರದ ಗುಂಟ ನಿಲ್ಲುವಂತೆ ಒಂದೇ ಕೊರಡನ್ನು ಅಡ್ಡಕ್ಕೆ ಕೊಯ್ದು ಎರಡು ಮಾಡಿದಾಗ, ಎರಡರಲ್ಲೂ ಉಂಗುರಗಳು ಒಂದೇ ದಿಕ್ಕಿಗೆ ಓಡುತ್ತವೆ. ಮುಂದೆ ಮೊಟ್ಟೆಯಾಕಾರ ಆಗುವುದಾದರೂ ಎರಡೂ ಒಂದೇ ಕಡೆಗೆ ಆಗುತ್ತವೆ. ಕೊಯ್ಯುವ ಮೊದಲೇ ಪೆನ್ಸಿಲಿನಿಂದ ಎರಡೂ ಭಾಗಗಳಿಗೆ ತಾಗುವಂತೆ ಒಂದು ಗೆರೆ ಎಳೆದುಕೊಳ್ಳಬೇಕು. ಕೆಲಸ ಮುಗಿಯುವವರೆಗೆ ಮುಚ್ಚಳ ಕೂರಿಸುವಾಗಲೆಲ್ಲ ಗೆರೆಗೆ ಗೆರೆ ಕೂಡಿಸಿಯೇ ಕೂರಿಸಬೇಕು. ಕಲಿಯುವವರು ಇದನ್ನು ಅಂದಕ್ಕಾಗಿ ಮಾಡುವುದೆಂದುಕೊಳ್ಳುತ್ತಾರೆ. ಗೆರೆಗಳು ಕೂಡಿದರೆ ಅಂದವೂ ಹೌದು, ನಿಜವಾದ ಲಾಭ ಮಾತ್ರ ಒಂದು ವರ್ಷದ ಮೇಲೆ ಕಾಣುವುದು.

ತಿರುಳು ಸರಿಯಾಗಿ ನಡುವೆ ಬರುವಂತೆ ಕಡೆದರೆ ಡಬ್ಬಿ ಎಲ್ಲ ಕಡೆ ಸಮನಾಗಿ ಕುಗ್ಗಿ ದುಂಡಗೇ ಉಳಿಯುತ್ತದೆ ಎಂಬ ವಾದವಿದೆ. ಲೆಕ್ಕದಲ್ಲಿ ಅದು ಸರಿ. ಒಳಗನ್ನು ತೋಡಿದಾಗ ತಿರುಳಿನ ಬಹುಭಾಗ ಹೋಗಿಯೂ ಬಿಡುತ್ತದೆ. ಆದರೆ ತಳದಲ್ಲೂ ಮುಚ್ಚಳದ ನೆತ್ತಿಯಲ್ಲೂ ತಿರುಳು ಉಳಿಯುತ್ತದೆ, ಸೀಳು ಅಲ್ಲಿಂದಲೇ ಹೊರಡುತ್ತದೆ. ಚಿಕ್ಕ ಕೊಂಬೆಯಿಂದ ಚಿಕ್ಕ ಭರಣಿ ಮಾಡುವಾಗ ಬೇರೆ ದಾರಿ ಇಲ್ಲ. ದೊಡ್ಡ ಡಬ್ಬಿಗಾದರೆ ದಿಮ್ಮಿಯನ್ನು ನಾಲ್ಕಾಗಿ ಸೀಳಿ, ತಿರುಳು ಬಿಟ್ಟು ತುಂಡು ತೆಗೆಯುವುದು ಮೇಲು.

ಒಣಗುವಾಗ ಮರ ಕುಗ್ಗುತ್ತದೆ ಎಂಬುದನ್ನೇ ಕೆಲಸಕ್ಕೆ ಹಚ್ಚಿಕೊಂಡವರು ರಷ್ಯಾದವರು. ಒಂದರೊಳಗೊಂದು ಕೂರುವ ಅವರ ಮಾತ್ರಿಯೋಷ್ಕ ಗೊಂಬೆಯನ್ನು ಎಲ್ಲರೂ ನೋಡಿರುತ್ತಾರೆ. ಅದು ಗೊಂಬೆಯ ವೇಷದಲ್ಲಿರುವ ಮುಚ್ಚಳದ ಡಬ್ಬಿಗಳ ಸಂಸಾರ. 1890ರ ದಶಕದಲ್ಲಿ ವಸೀಲಿ ಜ್ವ್ಯೋಜ್ದೊಚ್ಕಿನ್ ಎಂಬ ಕುಶಲಕರ್ಮಿ ಮೊದಲ ಗೊಂಬೆಯನ್ನು ಕಡೆದರು, ಸೆರ್ಗೇಯ್ ಮಾಲ್ಯುತಿನ್ ಎಂಬ ಚಿತ್ರಕಾರರು ಬಣ್ಣ ಹಾಕಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಪದಕ ಗೆದ್ದ ಮೇಲೆ ಲೋಕಕ್ಕೆಲ್ಲ ಪರಿಚಯವಾಯಿತು. ಕಡೆಯುವುದು ಹೆಚ್ಚಾಗಿ ಲಿಂಡೆನ್ ಎಂಬ ಮೆತ್ತನೆಯ ಮರದಲ್ಲಿ. ತೆರೆಯದ ಅತಿ ಚಿಕ್ಕ ಗೊಂಬೆ ಮೊದಲು, ಆಮೇಲೆ ಅದನ್ನು ಹೊರುವುದು. ಪ್ರತಿಯೊಂದರಲ್ಲೂ ಕೆಳಗಿನ ಅರ್ಧ ಮೊದಲು, ಅದಕ್ಕೆ ತಕ್ಕ ಮೇಲಿನ ಅರ್ಧ ನಂತರ. ಮೇಲಿನ ಅರ್ಧವನ್ನು ಕೆಳಗಿನದರ ಮೇಲೆ ಕೂರಿಸಿಯೇ ಒಣಗಲು ಬಿಡುತ್ತಾರೆ. ಅದು ಕುಗ್ಗುತ್ತ ಕುಗ್ಗುತ್ತ ಕೆಳಗಿನ ಕಂಠವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ನಮ್ಮಲ್ಲಿ ಶತ್ರು ಎಂದುಕೊಂಡ ಗುಣವನ್ನು ಅಲ್ಲಿ ಕೂಲಿಯಿಲ್ಲದ ಕೆಲಸಗಾರನಂತೆ ದುಡಿಸಿಕೊಂಡಿದ್ದಾರೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೆಚ್ಚುಗೆ ಉಕ್ಕುತ್ತದೆ.

ಚನ್ನಪಟ್ಟಣದ ಮರ ಹಾಲೆ. ಅಲ್ಲಿನವರ ಬಾಯಲ್ಲಿ ಆಲೆ ಮರ. ಸಸ್ಯಶಾಸ್ತ್ರದಲ್ಲಿ ರೈಟಿಯಾ ಟಿಂಕ್ಟೋರಿಯಾ. ಕೆತ್ತಿದರೆ ಹಾಲು ಸುರಿಯುವ, ಎಲೆಯಿಂದ ನೀಲಿ ಬಣ್ಣ ಕೊಡುವ ಗಿಡ್ಡ ಮರ. ಒಳಗಿನ ಮರ ದಂತದ ಬಣ್ಣದ್ದು, ನಾರು ಒತ್ತೊತ್ತು, ಉಂಗುರದ ಗುರುತು ಹೆಚ್ಚು ಎದ್ದು ಕಾಣುವುದಿಲ್ಲ. ಉಳಿಗೆ ನಯವಾಗಿ ಬಾಗುತ್ತದೆ, ಬಿಳುಪಿನ ಮೇಲೆ ಹಚ್ಚಿದ ಬಣ್ಣ ಕಳೆಗುಂದದೆ ಕಾಣುತ್ತದೆ. ಆಂಧ್ರದ ಏಟಿಕೊಪ್ಪಾಕದಲ್ಲೂ ಅರಗಿನ ಬೊಂಬೆಗೆ ಇದೇ ಮರ. ಅಲ್ಲಿ ಇದನ್ನು ಅಂಕುಡು ಎನ್ನುತ್ತಾರೆ.

ಒಣಗಿಸುವ ಕೆಲಸಕ್ಕೆ ಕೌಶಲವೆಂಬ ಹೆಸರು ಯಾರೂ ಕೊಡುವುದಿಲ್ಲ, ನನಗೆ ಅದೇ ಮುಖ್ಯ ಕೌಶಲ. ತೊಗಟೆ ಸುಲಿದು, ತುದಿಗಳಿಗೆ ಮೇಣವೋ ಉಳಿದ ಪೇಂಟೋ ಬಳಿದು ನೆರಳಲ್ಲಿ ಅಟ್ಟಿ ಹಾಕಬೇಕು. ನೀರು ಬೇಗ ಓಡುವುದು ತುದಿಯಿಂದಲೇ, ಅದನ್ನು ತಡೆಯದಿದ್ದರೆ ಅಲ್ಲಿಂದಲೇ ಬಿರುಕು. ತಿಂಗಳುಗಟ್ಟಲೆ ಕಾದ ಮೇಲೆ ತುಂಡನ್ನು ಒರಟಾಗಿ ದುಂಡಗೆ ಕಡೆದು, ಮುಚ್ಚಳ ತಳ ಎರಡಾಗಿ ಬೇರ್ಪಡಿಸಿ, ಒಳಗನ್ನು ಅರೆಬರೆ ತೋಡಿ, ಗೋಡೆ ದಪ್ಪವಾಗಿಯೇ ಬಿಟ್ಟು ಮತ್ತೆ ಒಣಗಲು ಇಡುವುದು ಎರಡನೆಯ ಹಂತ. 60 ಮಿ.ಮೀ. ಡಬ್ಬಿಗೆ 6–7 ಮಿ.ಮೀ. ಗೋಡೆ ಬಿಟ್ಟರೆ ಸಾಕು. ಒಳಗಿನ ಮರ ತೆಗೆದ ಕೂಡಲೇ ಬಿಗುಪು ಸಡಿಲವಾಗಿ ಮರ ತನಗೆ ಬೇಕಾದ ಕಡೆ ವಾಲುತ್ತದೆ. ಬೇಕಾದಷ್ಟು ವಾಲಿಕೊಳ್ಳಲಿ, ಆ ದಪ್ಪದಲ್ಲಿ ಮತ್ತೆ ದುಂಡಗೆ ಮಾಡಿಕೊಳ್ಳಲು ಜಾಗವಿದೆ.

ಎಷ್ಟು ದಿನ ಕಾಯಬೇಕು ಎಂಬುದು ಪ್ರತಿಯೊಬ್ಬರ ಪ್ರಶ್ನೆ. ಕ್ಯಾಲೆಂಡರ್ ನೋಡಿ ಹೇಳಲಾಗುವುದಿಲ್ಲ, ತಕ್ಕಡಿ ನೋಡಿ ಹೇಳಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ತೂಕವನ್ನು ಆ ತುಂಡಿನ ಮೇಲೆಯೇ ಪೆನ್ಸಿಲಿನಲ್ಲಿ ಬರೆಯುತ್ತ ಹೋಗಿ. ಮೂರು ವಾರ ಒಂದೇ ತೂಕ ಬಂದರೆ ಮರ ಗಾಳಿಯ ಜೊತೆ ರಾಜಿಯಾಗಿದೆ. ಆಮೇಲೆ ಅಂತಿಮ ಕೆಲಸಕ್ಕೆ ಕೈಹಾಕಬಹುದು. ಕಲಿಕೆಯ ಶಿಬಿರಗಳು ಕೆಲವೇ ದಿನಗಳಲ್ಲಿ ಮುಗಿಯಬೇಕಾದ್ದರಿಂದ ಒಣಗಿದ ತುಂಡನ್ನೇ ಕೈಗೆ ಕೊಡುತ್ತಾರೆ. ಶಿಬಿರಾರ್ಥಿ ಚಂದದ ಡಬ್ಬಿ ಮಾಡಿಕೊಂಡು ಹೋಗುತ್ತಾನೆ, ಊರಿಗೆ ಹೋಗಿ ತಾನೇ ಮರ ತಂದು ಮಾಡಿದ ಡಬ್ಬಿ ಏಕೆ ಸಿಕ್ಕಿಕೊಳ್ಳುತ್ತಿದೆ ಎಂದು ತಲೆ ಕೆಡಿಸಿಕೊಳ್ಳುತ್ತಾನೆ. ಶಿಬಿರದ ಮೊದಲ ದಿನವೇ ಎಲ್ಲರ ಕೈಗೂ ಒಂದು ಹಸಿ ತುಂಡು ಕೊಟ್ಟು, ಮನೆಗೆ ಒಯ್ದು ತೂಗಿ ಬರೆಯಿರಿ ಎನ್ನಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಈಗ ಲೇತ್ ಮುಂದೆ ಬರೋಣ. ಕೆಲಸದ ಕ್ರಮದಲ್ಲಿ ಮೊದಲು ಮುಚ್ಚಳದ ಒಳಗು. ರಷ್ಯಾದವರ ಕ್ರಮಕ್ಕೆ ಇದು ತಿರುಗುಮುರುಗು, ಕಾರಣವಿದೆ. ಒಣಗಿದ ಮರದಲ್ಲಿ ಬಿಗಿಯನ್ನು ಕುಗ್ಗುವಿಕೆ ತಂದುಕೊಡುವುದಿಲ್ಲ, ಉಳಿಯೇ ತರಬೇಕು. ಒಳಬಾಯಿಯನ್ನು ಕಣ್ಣಿಗೆ ಕಾಣದಂತೆ ಕೂದಲೆಳೆಯಷ್ಟು ಅಗಲ ಮಾಡುವುದಕ್ಕಿಂತ, ಎದುರಿಗೆ ಕಾಣುವ ತಳದ ಕಂಠದಿಂದ ಕೂದಲೆಳೆಯಷ್ಟು ತೆಗೆಯುವುದು ಕೈಗೆ ಸುಲಭ. ಹಾಗಾಗಿ ಮುಚ್ಚಳದ ಬಾಯಿಯನ್ನು ಮೊದಲು ಮುಗಿಸಿ, ಅದನ್ನೇ ಅಳತೆಯ ಕೋಲಾಗಿ ಇಟ್ಟುಕೊಳ್ಳುವುದು. ಆ ಬಾಯಿಯ ಒಳಗೋಡೆ ನೇರವಾಗಿರಬೇಕು, ಒಳಗೆ ಹೋಗುತ್ತ ಕಿರಿದಾಗಬಾರದು, ಹಿರಿದೂ ಆಗಬಾರದು. ಕಿರಿದಾದರೆ ಮುಚ್ಚಳ ಅರ್ಧಕ್ಕೆ ನಿಂತು ಎದ್ದು ಬರುತ್ತದೆ. ಹಿರಿದಾದರೆ ಅಂಚು ದಾಟಿದ ಕೂಡಲೇ ಸಡಿಲ.

ಒಳಗನ್ನು ತೋಡುವುದು ಹೊಸಬರನ್ನು ಹೆದರಿಸುವ ಭಾಗ. ಇದಕ್ಕೂ ಒಂದು ಲೆಕ್ಕವಿದೆ. ನಿಮಿಷಕ್ಕೆ 1500 ಸುತ್ತು ತಿರುಗುವ 60 ಮಿ.ಮೀ. ತುಂಡಿನ ಅಂಚು ಸೆಕೆಂಡಿಗೆ 4.7 ಮೀಟರ್ ವೇಗದಲ್ಲಿ ಉಳಿಯ ಮುಂದೆ ಹಾಯುತ್ತದೆ. ಅರ್ಧ ದಾರಿ ಒಳಗೆ ಬಂದರೆ ವೇಗವೂ ಅರ್ಧ. ನಟ್ಟನಡುವೆ ಸೊನ್ನೆ. ಅಂಚಿನಲ್ಲಿ ತನ್ನಷ್ಟಕ್ಕೆ ಕೊಯ್ಯುವ ಉಳಿ ನಡುವೆ ಬಂದಾಗ ಕೊಯ್ಯದೆ ಬರೀ ಒತ್ತುತ್ತದೆ, ಮರ ಹರಿದುಹೋಗುತ್ತದೆ. ಆದ್ದರಿಂದ ಮೊದಲು ನಡುವೆ ಬೇಕಾದ ಆಳಕ್ಕೆ ಒಂದು ತೂತು ಕೊರೆದುಕೊಂಡು, ಅಲ್ಲಿಂದ ಹೊರಗೆ ಅಂಚಿನ ಕಡೆಗೆ ತೋಡುತ್ತ ಬರುವುದು. ಹೀಗೆ ಬಂದರೆ ಕೊಯ್ಯುವ ಪ್ರತಿ ನಾರಿಗೂ ಅದರ ಹಿಂದಿನ ನಾರು ಆಸರೆಯಾಗುತ್ತದೆ. ಅಂಚಿನಿಂದ ಒಳಗೆ ಹೋದರೆ ಆಸರೆ ಸಿಗದ ನಾರು ಕಿತ್ತುಬರುತ್ತದೆ, ಎಷ್ಟು ಸ್ಯಾಂಡ್ ಪೇಪರ್ ಉಜ್ಜಿದರೂ ಆ ಹರಕು ಹೋಗುವುದಿಲ್ಲ. ಉಳಿಗೆ ಸಾಣೆ ಸರಿಯಾಗಿ ಹಿಡಿದಿದೆಯೋ ಇಲ್ಲವೋ ಎಂಬುದೂ ಇಲ್ಲೇ ಗೊತ್ತಾಗುವುದು. ಹರಿತವಿದ್ದರೆ ಸುರುಳಿ ಸುರುಳಿಯಾಗಿ ಸಿಪ್ಪೆ ಬರುತ್ತದೆ, ಇಲ್ಲದಿದ್ದರೆ ಪುಡಿ.

ಇನ್ನು ತಳದ ಕಂಠ. ಅದನ್ನು ಬೇಕಾದ್ದಕ್ಕಿಂತ ದಪ್ಪವಾಗಿ ಇಟ್ಟುಕೊಂಡು, ತುದಿಯನ್ನು ಮಾತ್ರ ತುಸು ಓರೆಯಾಗಿ ಇಳಿಸಬೇಕು, ಮುಚ್ಚಳದ ಬಾಯಿ ಆ ತುದಿಯನ್ನು ಹಿಡಿಯುವಷ್ಟು. ತಳ ನಿಧಾನವಾಗಿ ತಿರುಗುತ್ತಿರುವಾಗಲೇ ಮುಚ್ಚಳವನ್ನು ಅಂಗೈಯಲ್ಲಿ ಹಿಡಿದು ಆ ತುದಿಗೆ ಹಗುರವಾಗಿ ಒತ್ತಿ ತೆಗೆಯಬೇಕು. ಉಜ್ಜಿದ ಜಾಗದಲ್ಲಿ ಓರೆಯ ಮೇಲೆ ಒಂದು ಹೊಳೆಯುವ ಗೆರೆ ಬೀಳುತ್ತದೆ. ಕಂಠ ಎಷ್ಟು ದಪ್ಪವಿರಬೇಕು ಎಂಬುದನ್ನು ಆ ಗೆರೆ ಯಾವ ಕ್ಯಾಲಿಪರಿಗಿಂತಲೂ ಖಚಿತವಾಗಿ ಹೇಳುತ್ತದೆ. ಗೆರೆಯ ಹಿಂದಿನ ದಪ್ಪವನ್ನು ಗೆರೆಯ ಮಟ್ಟಕ್ಕೆ ತಂದರೆ ಕಂಠ ಸಿದ್ಧ. ಪೂರ್ತಿ ಆ ಮಟ್ಟಕ್ಕೆ ಒಮ್ಮೆಲೇ ಹೋಗಬಾರದು, ಕೂದಲೆಳೆ ಉಳಿಸಬೇಕು. ಯಾಕೆಂದರೆ ಈಗ ಬೇಕಾದದ್ದು ಬಿಗಿ. ಮುಚ್ಚಳವನ್ನು ಕಂಠದ ಮೇಲೆ ಬಿಗಿಯಾಗಿ ಒತ್ತಿ ಕೂರಿಸಿ, ಗೆರೆಗೆ ಗೆರೆ ಕೂಡಿಸಿ, ಎರಡನ್ನೂ ಒಂದೇ ವಸ್ತುವೆಂಬಂತೆ ತಿರುಗಿಸಿ ಹೊರಮೈ ಕಡೆಯುವುದು. ಮುಚ್ಚಳದ ನೆತ್ತಿಯ ಗುಬ್ಬಿಯೂ ಈ ಹೊತ್ತಿಗೇ ಆಗಬೇಕು. ಕೂಡುವ ಜಾಗದಲ್ಲಿ ಬೆರಳಾಡಿಸಿದರೆ ಮೆಟ್ಟಿಲು ಸಿಗಬಾರದು. ಇಷ್ಟೆಲ್ಲ ಆದ ಮೇಲೆ ಕೊನೆಗೆ ಕಂಠವನ್ನು ಸಡಿಲಿಸುವ ಕೆಲಸ, ಅದೂ ಉಳಿಯಿಂದಲೇ. ಸ್ಯಾಂಡ್ ಪೇಪರ್ ಮರ ಮೆತ್ತಗಿರುವಲ್ಲಿ ಹೆಚ್ಚು, ಗಟ್ಟಿಯಿರುವಲ್ಲಿ ಕಡಿಮೆ ಸವೆಸಿ ದುಂಡನ್ನು ಕೆಡಿಸುತ್ತದೆ.

ಎಷ್ಟು ಸಡಿಲ? ಪಾಶ್ಚಾತ್ಯ ಕಡೆತಗಾರರಲ್ಲಿ ಮುಚ್ಚಳ ಎಳೆದಾಗ ‘ಪ್ಲಕ್’ ಎಂದು ಗಾಳಿ ಬಿಡುವ ಬಿಗಿಗೆ ಬಹಳ ಮಾನ. ಆಸ್ಟ್ರೇಲಿಯಾದ ರಿಚರ್ಡ್ ರಾಫನ್ ಡಬ್ಬಿ ಕಡೆಯುವುದರ ಬಗ್ಗೆಯೇ ಒಂದು ಪೂರ್ತಿ ಪುಸ್ತಕ ಬರೆದವರು. ಅವರ ಪಾಠಗಳಿಂದ ಕಲಿತವರು ಈ ಸದ್ದಿಗಾಗಿ ಹಂಬಲಿಸುತ್ತಾರೆ. ಆಭರಣದ ಡಬ್ಬಿಗೆ ಅದು ಸೊಗಸು. ಕುಂಕುಮದ ಭರಣಿಗೆ ಅದು ಸಲ್ಲದು. ಎಳೆದ ರಭಸಕ್ಕೆ ಪುಡಿ ಹಾರಿ ಸೀರೆಯ ಮೇಲೆ ಬೀಳುತ್ತದೆ. ಅರಿಶಿನ ಕುಂಕುಮ ಕೊಡುವಾಗ ಒಂದು ಕೈಯಲ್ಲಿ ತಟ್ಟೆ ಇರುತ್ತದೆ, ಇನ್ನೊಂದು ಕೈಯ ಎರಡು ಬೆರಳಿಗೆ ಮುಚ್ಚಳ ತೊಡಕಿಲ್ಲದೆ ಎದ್ದು ಬರಬೇಕು, ತಟ್ಟೆ ವಾಲಿದರೆ ಬೀಳಬಾರದು. ನಮ್ಮ ಹೆಣ್ಣುಮಕ್ಕಳ ಬಳಕೆಯೇ ಇಲ್ಲಿ ಅಳತೆ. ಏಲಕ್ಕಿ ಲವಂಗದ ಡಬ್ಬಿಗೆ ಮಾತ್ರ ಇದಕ್ಕಿಂತ ಬಿಗಿ ಇರಲಿ, ಘಮ ಹೋಗಬಾರದಲ್ಲ.

ಬಣ್ಣದ ಕೆಲಸ ನೋಡಲು ಚೆಂದ. ಅರಗು, ಅಂದರೆ ಅರಗಿನ ಹುಳು ಮುತ್ತುಗ, ಬೋರೆ, ಕುಸುಮ್ ಮರಗಳ ಕೊಂಬೆಗಳ ಮೇಲೆ ಒಸರುವ ರಾಳ, ಹೆಚ್ಚಾಗಿ ಜಾರ್ಖಂಡ್, ಛತ್ತೀಸಗಢದ ಕಡೆಯಿಂದ ಬರುತ್ತದೆ. ರಾಂಚಿಯ ನಾಮಕುಮ್‌ನಲ್ಲಿ ಅದಕ್ಕೆಂದೇ 1924ರಲ್ಲಿ ಒಂದು ಸಂಶೋಧನಾ ಸಂಸ್ಥೆ ಶುರುವಾಯಿತು. ಅರಗನ್ನು ಬಿಸಿ ಮಾಡಿ, ಬಣ್ಣ ಕಲಸಿ, ಎಳೆದು ಮಡಿಸಿ ಕಡ್ಡಿ ಮಾಡಿಕೊಳ್ಳುತ್ತಾರೆ. ತಿರುಗುವ ಡಬ್ಬಿಗೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಜಾತಿಯ ಗಿಡದ ಗರಿಯನ್ನು ಮಡಿಸಿ ಒತ್ತುತ್ತ ಹೋದರೆ ಅಂಟಂಟಾಗಿದ್ದ ಬಣ್ಣ ಸಮನಾಗಿ ಹರಡಿ ಹೊಳಪು ಏರುತ್ತದೆ. ಕುಂಚವಿಲ್ಲ, ಒಣಗಲು ಕಾಯುವುದಿಲ್ಲ. ಸಸ್ಯಮೂಲದ ಬಣ್ಣಗಳನ್ನು ಈ ಕಸುಬಿಗೆ ಮರಳಿ ತಂದ ಏಟಿಕೊಪ್ಪಾಕದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಡಬ್ಬಿಯ ವಿಷಯದಲ್ಲಿ ಎಚ್ಚರ ಇಷ್ಟೇ: ಕಂಠಕ್ಕೂ ಮುಚ್ಚಳದ ಒಳಬಾಯಿಗೂ ಅರಗು ತಾಗಬಾರದು. ಅಷ್ಟು ಕಷ್ಟಪಟ್ಟು ಬಿಟ್ಟ ಹಾಳೆಯಷ್ಟು ಅಂತರವನ್ನು ಒಂದು ಪದರ ಅರಗು ನುಂಗಿಬಿಡುತ್ತದೆ, ಬೇಸಿಗೆಯ ಸೆಕೆಗೆ ಮೆತ್ತಗಾಗಿ ಮುಚ್ಚಳವನ್ನು ಹಿಡಿದುಕೊಳ್ಳುತ್ತದೆ.

ಶುರುಮಾಡುವವರು ಲೇತ್‌ನಲ್ಲಿ ಮರವನ್ನು ಹಿಡಿದಿಡುವ ದುಬಾರಿ ಚಕ್ ಕೊಳ್ಳಲು ಓಡಬೇಕಾಗಿಲ್ಲ. ಚನ್ನಪಟ್ಟಣದ ಹಲವು ಲೇತ್‌ಗಳಲ್ಲಿ ಟೊಳ್ಳು ಬಾಯಿಗೆ ಮರದ ತುಂಡನ್ನು ಬಡಿದು ಕೂರಿಸಿಯೇ ಕೆಲಸ ಮಾಡುತ್ತಾರೆ. ಡಬ್ಬಿಯ ತಳವನ್ನು ಕೊನೆಯಲ್ಲಿ ತಿರುಗಿಸಿ ಹಿಡಿಯಲು ಉಳಿದ ಮರದಲ್ಲೇ ಒಂದು ಗುಳಿ ಕಡೆದುಕೊಂಡರೆ ಸಾಕು. ತಳವನ್ನು ನಡುವೆ ತುಸು ಒಳಗೆ ಇಳಿಸಿದರೆ ಡಬ್ಬಿ ಅಂಚಿನ ಮೇಲೆ ಅಲುಗದೆ ನಿಲ್ಲುತ್ತದೆ. ದುಡ್ಡು ಖರ್ಚು ಮಾಡುವುದಿದ್ದರೆ ಮುಖಕ್ಕೆ ಕವಚ, ಧೂಳಿಗೆ ಮಾಸ್ಕ್, ಸಾಣೆಗೆ ಒಳ್ಳೆಯ ಕಲ್ಲು, ಇವಕ್ಕೆ ಮಾಡಿ. ಕೈಗವಸು ಮಾತ್ರ ಖಂಡಿತ ಬೇಡ, ತಿರುಗುವ ಮರ ಅದನ್ನು ಕೈಸಮೇತ ಎಳೆದುಕೊಳ್ಳುತ್ತದೆ. ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಕೂದಲು, ಬಳೆ ಯಾವುದೂ ಲೇತ್ ಹತ್ತಿರ ಸುಳಿಯಬಾರದು. ಸ್ವಿಚ್ ಹಾಕುವ ಮುನ್ನ ತುಂಡನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಎಂದು ನೋಡಿಕೊಳ್ಳಬೇಕು.

ಕಲಿಯುವ ಮನಸ್ಸಿಲ್ಲದಿದ್ದರೂ ಕೊಳ್ಳುವವರಿಗೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಚನ್ನಪಟ್ಟಣದ ಬೊಂಬೆಗಳಿಗೆ 2005–06ರಲ್ಲೇ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಆದರೆ ಒಂದೊಂದು ಡಬ್ಬಿಯ ಕೆಲಸ ಹೇಗಿದೆಯೆಂದು ಆ ಗುರುತು ಹೇಳುವುದಿಲ್ಲ, ಅದನ್ನು ನಿಮ್ಮ ಕೈಯೇ ನೋಡಬೇಕು. ಮುಚ್ಚಳ ಹಾಕಿ ಕಾಲು ಸುತ್ತು ತಿರುಗಿಸಿ. ಸುತ್ತ ಎಲ್ಲೆಡೆ ಒಂದೇ ಹದದಲ್ಲಿ ತಿರುಗಿದರೆ ಉತ್ತಮ. ಒಂದು ಜಾಗದಲ್ಲಿ ಸಲೀಸಾಗಿ ಕೂತು, ಕಾಲು ಸುತ್ತಿಗೆ ತುಸು ಬಿಗಿಯಾದರೆ ಅದನ್ನು ದೋಷವೆಂದು ಪಕ್ಕಕ್ಕಿಡಬೇಡಿ. ಮುಚ್ಚಳವೂ ತಳವೂ ಒಟ್ಟಿಗೆ ಒಂದೇ ಕಡೆಗೆ ಕುಗ್ಗಿವೆ, ಸಲೀಸಾಗಿ ಕೂರುವ ಜಾಗದಲ್ಲಿಟ್ಟೇ ಬಳಸಿದರೆ ಅದು ಬಹುಕಾಲ ಬಾಳುತ್ತದೆ. ಯಾವ ದಿಕ್ಕಿಗೆ ತಿರುಗಿಸಿದರೂ ಎಲ್ಲೋ ಒಂದು ಕಡೆ ಸಂದು ಕಂಡರೆ, ಅಥವಾ ಎಳೆಯುವಾಗ ಅಂಟಿದಂತೆ ತಡೆದರೆ, ಪಕ್ಕದ ಡಬ್ಬಿಯನ್ನು ತೆಗೆದುಕೊಡಲು ಅಂಗಡಿಯವರಿಗೆ ಹೇಳಿ.